ಪಿಕಪ್ ಹಿಂದೆ ಕೂರುತ್ತಿದೆಯೇ? ಪಾಟಾ ಸೇರಿಸುವ ಮೊದಲು ಇಷ್ಟು ನೋಡಿ

"ಲೋಡ್ ಹಾಕಿದರೆ ಗಾಡಿ ಹಿಂದೆ ಕೂರುತ್ತದೆ ಅಣ್ಣಾ, ಎರಡು ಪಾಟಾ ಹಾಕಿಬಿಡಿ." ಮಾಪುಸಾದಿಂದ ವಾಸ್ಕೋವರೆಗೆ ಪಿಕಪ್ ಓಡಿಸುವ ನಮ್ಮವರು ಗ್ಯಾರೇಜಿಗೆ ಬಂದು ಹೇಳುವುದು ಕಾಯಿಲೆಯನ್ನಲ್ಲ, ಔಷಧಿಯನ್ನೇ. ಪಾಟಾ ಎಂದರೆ ಆಕ್ಸಲ್ ಬಳಿ ಒಂದರ ಮೇಲೊಂದು ಕಟ್ಟಾಗಿ ಜೋಡಿಸುವ ಬಾಗಿದ ಉಕ್ಕಿನ ಪಟ್ಟಿ, ಲೀಫ್ ಸ್ಪ್ರಿಂಗ್. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ತರಕಾರಿ ತರುವವರು, ಚಿರೆಕಲ್ಲು ಹೊರುವವರು, ಸಿಮೆಂಟು ಮತ್ತು ಟೈಲ್ಸ್ ಸಾಗಿಸುವವರು, ಎಲ್ಲರ ಬೇಡಿಕೆಯೂ ಒಂದೇ. ಆದರೆ ಗಾಡಿ ಕೂರುವುದಕ್ಕೆ ಕಾರಣ ಒಂದೇ ಅಲ್ಲ. ತೂಕ ಹೆಚ್ಚಾಗಿರಬಹುದು, ತೂಕ ಸರಿಯಿದ್ದು ಇಟ್ಟ ಜಾಗ ತಪ್ಪಾಗಿರಬಹುದು, ಹಳೆಯ ಪಾಟಾ ಸೋತಿರಬಹುದು, ಒಂದು ಪಾಟಾ ಮುರಿದು ಯಾರ ಕಣ್ಣಿಗೂ ಬೀಳದೆ ಕುಳಿತಿರಬಹುದು. ಕಾರಣ ತಿಳಿಯದೆ ಹೊಸ ಪಾಟಾ ತುರುಕಿದರೆ ಕೆಲವು ದಿನ ಗಾಡಿ ಎತ್ತರವಾಗಿ ಕಾಣುತ್ತದೆ, ಆಮೇಲೆ ದೋಷ ಬೇರೆ ಕಡೆ ಹೊರಬರುತ್ತದೆ: ಬ್ರೇಕಿನಲ್ಲಿ, ಶಾಫ್ಟಿನಲ್ಲಿ, ಇಲ್ಲವೇ ಚಾಸಿಸ್ಸಿನಲ್ಲಿ.

ಮೊದಲು ಕಾಟಾ

ಪಾಟಾದ ಮಾತಿಗೆ ಮೊದಲು ತೂಕದ ಚೀಟಿ ಬೇಕು. ಯಾವಾಗಲೂ ಹೊರುವ ಲೋಡನ್ನೇ ಹಾಕಿಕೊಂಡು ವೇಬ್ರಿಡ್ಜ್‌ಗೆ ಹೋಗಿ ಇಡೀ ಗಾಡಿಯ ತೂಕ ತೆಗೆಸಿ. ನಂತರ ಮುಂದಿನ ಚಕ್ರಗಳನ್ನು ಕಾಟಾದಿಂದ ಇಳಿಸಿ, ಹಿಂದಿನ ಚಕ್ರಗಳು ಮಾತ್ರ ಮೇಲಿರುವಂತೆ ನಿಲ್ಲಿಸಿ ಇನ್ನೊಂದು ಸಲ ತೂಗಿಸಿ. ಈ ಎರಡನೆಯ ಅಂಕಿಯೇ ನಮಗೆ ಮುಖ್ಯ. ಕಾಟಾದವನು ಗೊಣಗಿದರೂ ಬಿಡಬೇಡಿ.

ಈಗ ಆರ್‌ಸಿ ತೆಗೆಯಿರಿ. ಉದಾಹರಣೆಗೆ ಒಟ್ಟು ತೂಕ 3,000 ಕಿಲೋ, ಖಾಲಿ ತೂಕ 1,700 ಕಿಲೋ ಎಂದಿದೆ ಎನ್ನೋಣ. ಉಳಿದ 1,300 ಕಿಲೋ ಪೂರ್ತಿ ಸರಕಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಕಾನೂನಿನ ಲೆಕ್ಕದಲ್ಲಿ ಖಾಲಿ ತೂಕಕ್ಕೆ ಚಾಲಕನೂ ಕ್ಲೀನರನೂ ಸೇರುವುದಿಲ್ಲ. ಅವರಿಬ್ಬರ ಜೊತೆಗೆ ಆಮೇಲೆ ಕಟ್ಟಿಸಿದ ಕಬ್ಬಿಣದ ಕಟಾಂಜನ, ತಾಡಪತ್ರೆ, ಹಗ್ಗ, ಎರಡನೆಯ ಸ್ಟೆಪ್ನಿ ಎಲ್ಲವೂ ಆ 1,300ರಲ್ಲೇ ಕಳೆಯಬೇಕು. ಚಿರೆಕಲ್ಲಿನವರಿಗೆ ಇನ್ನೊಂದು ಮಾತು. ಆ ಕಲ್ಲು ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಎಣಿಸಿ ಹಾಕಿದಷ್ಟೇ ಕಲ್ಲನ್ನು ಜುಲೈನಲ್ಲಿ ಹಾಕಿದರೂ ತೂಕ ಹೆಚ್ಚು. ಕಲ್ಲಿನ ಸಂಖ್ಯೆಯನ್ನು ನಂಬದೆ ಮಳೆಗಾಲದಲ್ಲಿ ಇನ್ನೊಮ್ಮೆ ಕಾಟಾ ಮಾಡಿಸಿ.

ಇಟ್ಟ ಜಾಗದ ಲೆಕ್ಕವೂ ಇದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3,000 ಮಿಲಿಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ಗಿಂತ 600 ಮಿಲಿಮೀಟರ್ ಹಿಂದಕ್ಕೆ 300 ಕಿಲೋ ಇಟ್ಟರೆ ಆಕ್ಸಲ್ ಮೇಲೆ ಬೀಳುವುದು 300 ಅಲ್ಲ, 360 ಕಿಲೋ. ಹೆಚ್ಚಾದ 60 ಕಿಲೋ ಮುಂದಿನ ಚಕ್ರಗಳಿಂದ ಕಳೆದುಹೋಗುತ್ತದೆ. ಘಾಟಿ ಏರುವಾಗ ಸ್ಟಿಯರಿಂಗ್ ಹಗುರಾಗಿ ತೇಲಿದಂತಾಗುತ್ತದೆ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಇಳಿಸಲು ಸುಲಭವೆಂದು ಹಿಂಬಾಗಿಲ ಬಳಿಯೇ ಕಲ್ಲು ಪೇರಿಸುವ ಅಭ್ಯಾಸವನ್ನು ಬಿಟ್ಟು, ಭಾರವನ್ನು ಕ್ಯಾಬಿನ್ ಕಡೆಗೆ ತಳ್ಳಿ ಜೋಡಿಸಿ ನೋಡಿ. ಕೆಲವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ, ನನಗೆ ಕೂಲಿ ಸಿಗುವುದಿಲ್ಲ ಅಷ್ಟೇ.

ಹಿಂದಿನ ಆಕ್ಸಲ್‌ನ ತೂಕ ಕಂಪನಿ ಹೇಳಿದ ಮಿತಿಗಿಂತ ಹೆಚ್ಚಿದ್ದರೆ ಮುಂದೆ ಓದಿ ಪ್ರಯೋಜನವಿಲ್ಲ. ಪಾಟಾ ಸೇರಿಸಿದರೆ ಗಾಡಿಯ ಎತ್ತರ ಹೆಚ್ಚುತ್ತದೆ, ಸಾಮರ್ಥ್ಯವಲ್ಲ. ಸಾಮರ್ಥ್ಯ ನಿರ್ಧಾರವಾಗುವುದು ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್ ಮತ್ತು ಚಾಸಿಸ್‌ಗಳಿಂದ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಲೋಡ್ ಇಂಡೆಕ್ಸ್ ಓದಿ: 100 ಎಂದಿದ್ದರೆ ಒಂದು ಟೈರ್ ಹೊರುವುದು 800 ಕಿಲೋ, 104 ಎಂದಿದ್ದರೆ 900, 108 ಎಂದಿದ್ದರೆ 1,000. ಹಿಂದೆ ಎರಡೇ ಟೈರ್ ಇರುವ ಗಾಡಿಗೆ ಇದರ ದುಪ್ಪಟ್ಟೇ ಕೊನೆಯ ಗಡಿ, ಅದೂ ಹೇಳಿದಷ್ಟು ಗಾಳಿ ತುಂಬಿದ್ದರೆ ಮಾತ್ರ.

ಖಾಲಿ ಗಾಡಿಯ ಅಳತೆ

ತೂಕ ಮಿತಿಯಲ್ಲಿದೆ, ಆದರೂ ಕೂರುತ್ತದೆ ಎಂದಾದರೆ ಟೇಪು ಹಿಡಿಯಿರಿ. ಸಮತಟ್ಟಾದ ನೆಲ, ಖಾಲಿ ಗಾಡಿ, ಎರಡೂ ಕಡೆ ಒಂದೇ ಗಾಳಿ. ಗಾಡಿಯನ್ನು ಮೇಲೆ ಕೆಳಗೆ ನಾಲ್ಕು ಸಲ ಕುಲುಕಿ ಬಿಡಿ, ಇಲ್ಲದಿದ್ದರೆ ಪಾಟಾಗಳ ಘರ್ಷಣೆಯಿಂದಲೇ ಅಳತೆ ತಪ್ಪಾಗುತ್ತದೆ. ನೆಲದಿಂದ ಬಾಡಿಗೆ ಅಳೆಯಬೇಡಿ, ಟೈರಿನ ಸ್ಥಿತಿಯೂ ಅದರಲ್ಲಿ ಬೆರೆಯುತ್ತದೆ. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಚಾಸಿಸ್‌ನ ಕೆಳ ಅಂಚಿನವರೆಗೆ ಅಳೆಯಿರಿ, ಎಡಕ್ಕೂ ಬಲಕ್ಕೂ.

ಒಂದು ಸೆಂಟಿಮೀಟರ್ ಆಚೀಚೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಡೀಸೆಲ್ ಟ್ಯಾಂಕ್ ಒಂದೇ ಕಡೆ ಇರುತ್ತದೆ. ಎರಡು ಸೆಂಟಿಮೀಟರ್ ದಾಟಿದರೆ ಕಾರಣ ಹುಡುಕಬೇಕು. ವಾಲಿರುವುದು ಹಿಂದಿನ ಪಾಟಾದಿಂದಲೋ ಮುಂದಿನ ಸ್ಪ್ರಿಂಗಿನಿಂದಲೋ ತಿಳಿಯಲು ಸುಲಭದ ಉಪಾಯವೊಂದಿದೆ. ಮುಂಭಾಗದ ಅಡ್ಡ ಮೆಂಬರಿನ ನಟ್ಟನಡುವೆ ಜಾಕ್ ಇಟ್ಟು ಮುಂದಿನ ಚಕ್ರಗಳು ಹಗುರಾಗುವಷ್ಟು ಎತ್ತಿ. ಮುಂಭಾಗ ಒಂದೇ ಬಿಂದುವಿನ ಮೇಲೆ ನಿಂತಾಗ ವಾಲು ಹೋದರೆ ದೋಷ ಮುಂದೆ, ಹಾಗೆಯೇ ಉಳಿದರೆ ಹಿಂದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು, ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತೂರಬಾರದು.

ಇದೇ ಹೊತ್ತಿಗೆ ಇನ್ನೊಂದು ಅಳತೆ: ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ, ಎಡಬದಿ ಒಮ್ಮೆ, ಬಲಬದಿ ಒಮ್ಮೆ, ಸ್ಟಿಯರಿಂಗ್ ನೆಟ್ಟಗಿಟ್ಟು. ಇದನ್ನು ಯಾರೂ ಅಳೆಯುವುದಿಲ್ಲ. ಅಳೆಯಲೇಬೇಕು ಎನ್ನುವುದಕ್ಕೆ ಒಂದು ಗಾಡಿಯ ಕಥೆ ಹೇಳುತ್ತೇನೆ.

ಬಲಕ್ಕೆ ವಾಲಿದ ಗಾಡಿ

ಸವದತ್ತಿ ಕಡೆಯ ಮಾಲೀಕರೊಬ್ಬರು ಚಿರೆಕಲ್ಲು ಹೊರುವ ಪಿಕಪ್ ತಂದರು. ಬೇರೊಂದು ಕಡೆ ಎರಡೂ ಬದಿಗೆ ಪಾಟಾ ಸೇರಿಸಿ ಆಗಿತ್ತು. ಸ್ವಲ್ಪ ಕಾಲ ಚೆನ್ನಾಗಿತ್ತು, ಆಮೇಲೆ ಬಲಕ್ಕೆ ವಾಲತೊಡಗಿತು. "ಬಲಕ್ಕೆ ಮಾತ್ರ ಇನ್ನೊಂದು ಹಾಕಿ" ಎಂಬುದು ಅವರ ಮಾತು. ಟೇಪು ಹಿಡಿದಾಗ ಬಲಬದಿಯ ಚಕ್ರಗಳ ಅಂತರ ಎಡಬದಿಗಿಂತ ಹೆಬ್ಬೆರಳಿನ ಅಗಲದಷ್ಟು ಹೆಚ್ಚಿತ್ತು. ಅಂದರೆ ಆಕ್ಸಲ್ ಓರೆಯಾಗಿ ಕುಳಿತಿತ್ತು. ರಸ್ತೆಯಲ್ಲಿ ಗಾಡಿ ಏಡಿಯಂತೆ ಓರೆ ನಡೆಯುತ್ತದೆ ಎಂದು ಹಿಂದೆ ಬರುವವರು ಹೇಳಿದ್ದು ಅವರಿಗೆ ಆಗ ನೆನಪಾಯಿತು.

ಕೆಳಗೆ ನೋಡಿದರೆ, ಪಾಟಾ ಕಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟಿನ ಹಲ್ಲುಗಳು ನಟ್ಟಿನ ಮುಖಕ್ಕೇ ಸಮವಾಗಿ ಮುಗಿದಿದ್ದವು, ಒಂದೂ ಹೊರಗಿಲ್ಲ. ಕಟ್ಟಿನ ದಪ್ಪ ಹೆಚ್ಚಿದರೂ ಹಳೆಯ ಯು-ಬೋಲ್ಟನ್ನೇ ಹೇಗೋ ಎಳೆದು ಕೂರಿಸಲಾಗಿತ್ತು. ಪಾಟಾ ಕಟ್ಟು ಆಕ್ಸಲ್ ಹೌಸಿಂಗಿನ ಮೇಲೆ ಕೂರುವ ಜಾಗ ಗೋವಾದ ಕೆಂಪು ಕೆಸರಿನ ನಡುವೆಯೂ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳೆಯುತ್ತಿದೆ ಎಂದರೆ ಉಜ್ಜುತ್ತಿದೆ, ಉಜ್ಜುತ್ತಿದೆ ಎಂದರೆ ಸಡಿಲ. ಬಿಚ್ಚಿದಾಗ, ಪಾಟಾಗಳ ನಡುತೂತಿನಲ್ಲಿ ಹಾದು ಅವನ್ನು ಜಾಗದಲ್ಲಿ ಹಿಡಿಯುವ ಸೆಂಟರ್ ಬೋಲ್ಟ್ ಎರಡು ತುಂಡು, ಎರಡನೆಯ ಪಾಟಾ ಸರಿಯಾಗಿ ನಡುತೂತಿನಲ್ಲೇ ಬಿರುಕು ಬಿಟ್ಟಿತ್ತು. ಯು-ಬೋಲ್ಟ್ ಗಟ್ಟಿಯಾಗಿ ಹಿಡಿದಿರುವವರೆಗೆ ಪಾಟಾದ ನಡುಭಾಗ ಬಾಗುವುದಿಲ್ಲ, ಆದ್ದರಿಂದ ಅಲ್ಲಿರುವ ತೂತು ಅದನ್ನು ದುರ್ಬಲ ಮಾಡುವುದಿಲ್ಲ. ಹಿಡಿತ ಸಡಿಲವಾದರೆ ಬಾಗುವಿಕೆ ನೇರ ತೂತಿಗೇ ಬರುತ್ತದೆ. ಆಮೇಲೆ ಮುರಿಯುವುದೊಂದೇ ಬಾಕಿ. ಆ ಗಾಡಿಗೆ ಬಲಬದಿಗೆ ಇನ್ನೊಂದು ಪಾಟಾ ಹಾಕಿದ್ದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗುತ್ತಿತ್ತು.

ಮುರಿದ ಜಾಗವೇ ಕಾರಣ ಹೇಳುತ್ತದೆ

ಪಾಟಾ ಮುರಿದಿದ್ದರೆ ಗುಜರಿಗೆ ಎಸೆಯುವ ಮೊದಲು ಎಲ್ಲಿ ಮುರಿದಿದೆ ನೋಡಿ. ನಡುತೂತಿನಲ್ಲಿ ಮುರಿದಿದ್ದರೆ ಯು-ಬೋಲ್ಟ್ ಸಡಿಲ. ಮುಖ್ಯ ಪಾಟಾದ ಕಣ್ಣಿನ (ತುದಿಯ ಸುರುಳಿಯ) ಬಳಿ ಮುರಿದಿದ್ದರೆ ಶಾಕಲ್, ಅಂದರೆ ಪಾಟಾದ ತುದಿಯನ್ನು ಚಾಸಿಸ್‌ಗೆ ಜೋಡಿಸುವ ತೂಗುಕೊಂಡಿ, ಜಾಮ್ ಆಗಿದೆಯೇ ನೋಡಿ. ಲೋಡ್ ಬಿದ್ದಾಗ ಕಮಾನು ಚಪ್ಪಟೆಯಾಗಿ ಪಾಟಾ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡುವುದು ಶಾಕಲ್. ಉಪ್ಪು ಗಾಳಿ ಮತ್ತು ನಾಲ್ಕು ತಿಂಗಳ ಮಳೆ ಇರುವ ಈ ಕರಾವಳಿಯಲ್ಲಿ ಶಾಕಲ್ ಪಿನ್ ತುಕ್ಕು ಹಿಡಿದು ಬುಷ್‌ಗೆ ಅಂಟಿಕೊಳ್ಳುವುದು ತೀರ ಸಾಮಾನ್ಯ. ಅಂಥ ಗಾಡಿ ಖಾಲಿಯಿದ್ದಾಗ ಕಲ್ಲಿನಂತೆ ಬಿಗಿ, ಗುಂಡಿಗೆ ಬಿದ್ದರೆ ಟಣ್ ಎಂಬ ಸದ್ದು. ಇನ್ನು ಮುಖ್ಯ ಪಾಟಾ ಒಂದೇ ಮುರಿದು ಉಳಿದವೆಲ್ಲ ಚೆನ್ನಾಗಿದ್ದರೆ, ಪಾಟಾಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್ ಕಳಚಿರುವ ಅಥವಾ ಶಾಕ್ ಅಬ್ಸಾರ್ಬರ್ ಸತ್ತಿರುವ ಸಾಧ್ಯತೆ ಹೆಚ್ಚು. ಗುಂಡಿ ಹಾರಿದ ಮೇಲೆ ಚಕ್ರ ಕೆಳಗೆ ಜಾರುವಾಗ ಆ ಹೊಡೆತವನ್ನು ಮುಖ್ಯ ಪಾಟಾ ಒಂದೇ ತಿಂದಿರುತ್ತದೆ.

ಕಣ್ಣಿಗೆ ಕಾಣದ ಬಿರುಕಿಗೆ ಹಳೆಯ ಮಿಸ್ತ್ರಿಗಳ ಪರೀಕ್ಷೆ ಈಗಲೂ ಸಾಕು. ತಂತಿ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಪೂರ್ತಿ ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಮೇಲೆ ಬಂದು ಬಿಳಿಯ ಪುಡಿಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಬಿರುಕಿಗೆ ವೆಲ್ಡಿಂಗ್ ಮಾಡಿಸುತ್ತೇನೆ ಎನ್ನುವವರಿಗೆ ನನ್ನ ಉತ್ತರ ಒಂದೇ: ಪಾಟಾಕ್ಕೆ ವೆಲ್ಡಿಂಗ್ ಇಲ್ಲ. ಆ ಉಕ್ಕಿನ ಹದ ಶಾಖಕ್ಕೆ ಕೆಡುತ್ತದೆ, ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಯಾವುದೂ ಮುರಿದಿಲ್ಲ, ಎರಡೂ ಬದಿ ಸಮವಾಗಿ ಇಳಿದಿದೆ, ಪಾಟಾಗಳು ಸೋತು ಚಪ್ಪಟೆಯಾಗಿವೆ ಎಂದಾದರೆ ಹೊಸ ಸೆಟ್ ಹಾಕಿಸಿ. ಕಮಾನು ಹೊಡೆಸುವುದು, ಅಂದರೆ ಹಳೆಯ ಪಾಟಾಕ್ಕೇ ಮತ್ತೆ ಬಾಗು ಕೊಡಿಸುವುದು, ಅಗ್ಗ ನಿಜ. ತಣ್ಣಗಿನ ಪಾಟಾವನ್ನು ಸುತ್ತಿಗೆಯಿಂದ ಬಡಿದು ಬಾಗಿಸಿದ ಕಮಾನು ಕೆಲವೇ ಲೋಡ್‌ಗಳಿಗೆ ಮತ್ತೆ ಇಳಿಯುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಹದ ಕೊಡುವಷ್ಟು ವ್ಯವಸ್ಥೆ ಇರುವ ಕಡೆ ಮಾಡಿಸಿದರೆ ಮಾತ್ರ ಅದಕ್ಕೆ ಅರ್ಥವಿದೆ. ಹೊಸದು ಹಾಕಿದರೂ ಹೊಡೆಸಿದರೂ ಎರಡೂ ಬದಿ ಒಟ್ಟಿಗೆ.

ಬಲಪಡಿಸಲೇಬೇಕು ಎಂದಾದರೆ

ತೂಕ ಮಿತಿಯಲ್ಲಿದೆ, ಕಟ್ಟು ಗಟ್ಟಿಯಿದೆ, ಆದರೂ ದಿನವೂ ಪೂರ್ತಿ ಲೋಡ್ ಹೊರುವುದರಿಂದ ಹಿಂದೆ ಸ್ವಲ್ಪ ಬಲ ಬೇಕು. ಈ ಬೇಡಿಕೆ ನ್ಯಾಯವಾದದ್ದು. ಆಗ ಲೆಕ್ಕ ತಿಳಿದು ಮಾಡಬೇಕು. ಒಂದೇ ದಪ್ಪದ ಆರು ಪಾಟಾಗಳಿರುವ ಕಟ್ಟಿಗೆ ಏಳನೆಯದನ್ನು ಸೇರಿಸಿದರೆ ಬಿಗಿ ಹೆಚ್ಚುವುದು ಸುಮಾರು ಆರನೆಯ ಒಂದು ಭಾಗ. ಆದರೆ ದಪ್ಪವನ್ನು ಬದಲಿಸಿದರೆ ಲೆಕ್ಕವೇ ಬೇರೆ. ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 8 ಮಿಲಿಮೀಟರಿನ ಬದಲು 10 ಮಿಲಿಮೀಟರಿನ ಪಾಟಾ ಹಾಕಿದರೆ ಆ ಒಂದು ಪಾಟಾ ಹೆಚ್ಚುಕಡಿಮೆ ಎರಡು ಪಾಟಾಗಳಷ್ಟು ಬಿಗಿ. ಎಲ್ಲವೂ ಒಟ್ಟಿಗೆ ಬಾಗುವಾಗ ದಪ್ಪದರ ಮೇಲೆಯೇ ಹೆಚ್ಚು ಒತ್ತಡ ಬೀಳುವುದರಿಂದ ಮೊದಲು ಮುರಿಯುವುದೂ ಅದೇ. "ಹೊಸದೇ ಮುರಿಯಿತು, ಮಾಲು ಖೊಟ್ಟಿ" ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮೊದಲು ಇದನ್ನು ನೆನಪಿಡಿ. ದಪ್ಪವೂ ಕಮಾನೂ ಹಳೆಯವಕ್ಕೆ ಹೊಂದಬೇಕು. ಕಮಾನು ಹೆಚ್ಚಿರುವ ಪಾಟಾ ತನ್ನ ತುದಿಗಳಿಂದ ಮಾತ್ರ ಮೇಲಿನದನ್ನು ಒತ್ತುತ್ತದೆ, ಉಳಿದ ಕಡೆ ಬೆಳಕು ಕಾಣುವಷ್ಟು ಸಂದು.

ನನ್ನ ಒಲವು ಹೆಲ್ಪರ್ ಪಾಟಾದ ಕಡೆಗೆ. ಖಾಲಿಯಿದ್ದಾಗ ಅದು ಸುಮ್ಮನಿರುತ್ತದೆ, ಅರ್ಧ ಲೋಡ್ ದಾಟಿದ ಮೇಲೆ ಮಾತ್ರ ಕೆಲಸಕ್ಕೆ ಇಳಿಯುತ್ತದೆ. ಬೆಳಗಾವಿಗೆ ಬರೀ ಖಾಲಿ ಕ್ರೇಟ್ ಹೊತ್ತು ಮರಳುವ ತರಕಾರಿ ಗಾಡಿಗೆ ಇದು ಬಹಳ ಮುಖ್ಯ. ಸದಾ ಬಿಗಿಯಾಗಿರುವ ಕಟ್ಟು ಖಾಲಿ ಗಾಡಿಯ ಹಿಂದಿನ ಚಕ್ರಗಳನ್ನು ರಸ್ತೆಯ ಮೇಲೆ ಕುಣಿಸುತ್ತದೆ, ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಜಾರುತ್ತದೆ. ಗಾಳಿ ಬ್ಯಾಗ್ ಹಾಕಿಸುವವರೂ ಈಗ ಇದ್ದಾರೆ. ಲೋಡಿಗೆ ತಕ್ಕಂತೆ ಗಾಳಿ ಬದಲಿಸಬಹುದು ಎಂಬುದು ಅದರ ಗುಣ. ಆದರೆ ಎಡಬಲದ ಬ್ಯಾಗ್‌ಗಳನ್ನು ಒಂದೇ ಪೈಪಿಗೆ ಜೋಡಿಸಬಾರದು. ತಿರುವಿನಲ್ಲಿ ಭಾರ ಬಿದ್ದ ಬದಿಯ ಗಾಳಿ ಇನ್ನೊಂದು ಬದಿಗೆ ಓಡಿ, ಎತ್ತರವಾಗಿ ಪೇರಿಸಿದ ಕ್ರೇಟುಗಳ ಗಾಡಿ ಮತ್ತಷ್ಟು ವಾಲುತ್ತದೆ. ಸೈಲೆನ್ಸರಿನ ಬಿಸಿಯಿಂದಲೂ ದೂರವಿರಲಿ.

ಯಾವುದನ್ನೇ ಹಾಕಿದರೂ ಯು-ಬೋಲ್ಟ್ ಹೊಸದು, ಸೆಂಟರ್ ಬೋಲ್ಟ್ ಹೊಸದು. 10 ಮಿಲಿಮೀಟರಿನ ಪಾಟಾ ಸೇರಿದರೆ ಯು-ಬೋಲ್ಟಿನ ಎರಡೂ ಕಾಲುಗಳು ಅಷ್ಟೇ ಉದ್ದ ಹೆಚ್ಚಿರಬೇಕು, ಬಿಗಿದ ಮೇಲೆ ಎರಡು ಮೂರು ಹಲ್ಲು ನಟ್ಟಿನಿಂದ ಹೊರಗೆ ಕಾಣಬೇಕು. ಗಾಡಿಯ ಭಾರ ಚಕ್ರದ ಮೇಲಿರುವಾಗ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವಾಗಿ, ಟಾರ್ಕ್ ಪಾನಾದಿಂದ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಬಿಗಿಯಬೇಕು. ಪೈಪು ತೊಡಿಸಿ ಜೋತುಬೀಳುವುದು ಅಳತೆಯಲ್ಲ.

ಹಾಕಿಸಿದ ಮೇಲೆ ಬರುವ ದೂರುಗಳು

ಎಲ್ಲಕ್ಕಿಂತ ಅಪಾಯದ್ದು ಬ್ರೇಕಿನ ದೂರು, ಯಾರೂ ಪಾಟಾಕ್ಕೆ ಗಂಟು ಹಾಕದ ದೂರು ಕೂಡ ಅದೇ. ಹಲವು ಪಿಕಪ್‌ಗಳಲ್ಲಿ ಚಾಸಿಸ್ ಮತ್ತು ಹಿಂದಿನ ಆಕ್ಸಲ್ ನಡುವೆ ಸಣ್ಣದೊಂದು ಕಡ್ಡಿ ಅಥವಾ ಸ್ಪ್ರಿಂಗ್ ಜೋಡಿಸಿದ ವಾಲ್ವ್ ಇರುತ್ತದೆ, ಲೋಡ್ ಸೆನ್ಸಿಂಗ್ ವಾಲ್ವ್. ಅದಕ್ಕೆ ತೂಕ ಗೊತ್ತಾಗುವುದಿಲ್ಲ, ಚಾಸಿಸ್ ಆಕ್ಸಲ್‌ಗೆ ಎಷ್ಟು ಹತ್ತಿರ ಬಂದಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಹತ್ತಿರ ಬಂದರೆ ಲೋಡ್ ಇದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ದೂರವಿದ್ದರೆ ಕಡಿಮೆ ಮಾಡುತ್ತದೆ. ಈಗ ನೀವು ಪಾಟಾ ಸೇರಿಸಿ ಹಿಂಭಾಗ ಎತ್ತಿದ್ದೀರಿ. ಪೂರ್ತಿ ಲೋಡ್ ಇದ್ದರೂ ವಾಲ್ವ್ ಪಾಲಿಗೆ ಗಾಡಿ ಅರ್ಧ ಖಾಲಿ. ಚೋರ್ಲಾದಿಂದ ಕೇರಿ ಕಡೆಗೆ ಇಳಿಯುವಾಗ ಎಲ್ಲ ಕೆಲಸವೂ ಮುಂದಿನ ಬ್ರೇಕಿನ ಮೇಲೆ ಬಿದ್ದು, ಡಿಸ್ಕ್ ಕಾದು ವಾಸನೆ ಬರುತ್ತದೆ. ಚಾಲಕನು ಪ್ಯಾಡ್ ಬದಲಿಸುತ್ತಾನೆ, ಎಣ್ಣೆ ಬದಲಿಸುತ್ತಾನೆ, ಕಾರಣ ಮಾತ್ರ ಅಲ್ಲೇ ಉಳಿಯುತ್ತದೆ. ಪಾಟಾ ಕೆಲಸ ಮುಗಿದ ದಿನವೇ ಈ ವಾಲ್ವಿನ ಕಡ್ಡಿಯನ್ನು ಕೈಪಿಡಿಯ ಅಳತೆಗೆ ಹೊಂದಿಸಿಕೊಡಲು ಕೇಳಿ. ಕೆಲವರು ತಂತಿ ಸುತ್ತಿ ಕಡ್ಡಿಯನ್ನು ಪೂರ್ತಿ ಲೋಡಿನ ಸ್ಥಾನಕ್ಕೇ ಕಟ್ಟಿಬಿಡುತ್ತಾರೆ. ಹಾಗೆ ಕಟ್ಟಿದ ಗಾಡಿ ಖಾಲಿ ಬರುವಾಗ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಗಿರಕಿ ಹೊಡೆಯಬಹುದು. ತಂತಿ ಕಂಡರೆ ಮೊದಲು ಕತ್ತರಿಸಿ, ಆಮೇಲೆ ಕಡ್ಡಿ ಹೊಂದಿಸಿ.

ಹೊರಡುವಾಗ ನಡುಕ, ವೇಗದಲ್ಲಿ ಗುಂಯ್ ಎಂಬ ಸದ್ದು ಹೊಸದಾಗಿ ಬಂದಿದ್ದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿದೆ. ಅದರ ಕೀಲಿನ ಕ್ರಾಸ್ ಸವೆದಿದೆಯೇ, ಎರಡು ತುಂಡಿನ ಶಾಫ್ಟ್ ಆದರೆ ನಡುವಿನ ಬೇರಿಂಗ್ ಸರಿಯಿದೆಯೇ ನೋಡಿ. ಕೋನ ಸರಿಪಡಿಸಲು ಪಾಟಾ ಮತ್ತು ಹೌಸಿಂಗ್ ನಡುವೆ ಓರೆ ಬೆಣೆ ಇಡುತ್ತಾರೆ, ಭಾರದ ಗಾಡಿಗೆ ಅದು ಉಕ್ಕಿನದೇ ಆಗಿರಲಿ. ಹಿಂಭಾಗ ಎದ್ದರೆ ಹೆಡ್‌ಲೈಟ್ ನೆಲ ನೋಡುತ್ತದೆ, ಗೋಡೆಗೆ ಬಿಟ್ಟು ಮತ್ತೆ ಹೊಂದಿಸಿ. ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿ ಕೊನೆಗೆ ತಾಗುತ್ತಿದ್ದರೆ ಉದ್ದದ್ದು ಬೇಕು.

ಕೊನೆಯದಾಗಿ ಚಾಸಿಸ್. ಮೊದಲು ಪಾಟಾ ಬಾಗಿ ತಿನ್ನುತ್ತಿದ್ದ ಹೊಡೆತ ಈಗ ಪಾಟಾದ ತುದಿಗಳನ್ನು ಹಿಡಿಯುವ ಹ್ಯಾಂಗರ್ ಬ್ರ್ಯಾಕೆಟಿನ ಮೂಲಕ ಚಾಸಿಸ್‌ಗೆ ಹೋಗುತ್ತದೆ. ಬ್ರ್ಯಾಕೆಟಿನ ರಿವೆಟ್‌ಗಳ ಸುತ್ತ ಬಣ್ಣ ಬಿರಿದು ತುಕ್ಕಿನ ಗೆರೆ ಇಳಿದಿದ್ದರೆ ಅಲ್ಲಿ ಅಲುಗಾಟ ಶುರುವಾಗಿದೆ. ಸರ್ವಿಸ್‌ಗೆ ಬಂದಾಗಲೆಲ್ಲ ಅಲ್ಲಿ ಟಾರ್ಚ್ ಹಿಡಿದು ನೋಡಿಸಿ.

ಕಾನೂನಿನ ಮಾತು ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಪಾಟಾ ಎಷ್ಟೇ ಹಾಕಿದರೂ ಆರ್‌ಸಿಯ ತೂಕ ಏರುವುದಿಲ್ಲ. 2019ರ ತಿದ್ದುಪಡಿಯ ನಂತರ 194ನೆಯ ಸೆಕ್ಷನ್‌ನಲ್ಲಿ ಮಿತಿ ಮೀರಿದ ತೂಕಕ್ಕೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ, ಹೆಚ್ಚಿನ ಸರಕು ಇಳಿಸುವ ಖರ್ಚು ಬೇರೆ. ಮಿತಿ ದಾಟುವವರಿಗೆ ಎರಡು ಟ್ರಿಪ್ ಅಗ್ಗ, ಇಲ್ಲದಿದ್ದರೆ ದೊಡ್ಡ ಗಾಡಿ.

ಕೆಲಸ ಮುಗಿಸಿ ಗಾಡಿ ಹೊರಡುವ ಮೊದಲು ಪ್ರತಿ ಯು-ಬೋಲ್ಟ್ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಸಿ. ಹೊಸ ಪಾಟಾಗಳು ಲೋಡ್ ಬಿದ್ದ ಮೇಲೆ ಒಂದರ ಮೇಲೊಂದು ಕೂರುತ್ತವೆ, ಹಿಡಿತ ಸಡಿಲವಾಗುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಗೆರೆ ಸರಿಯದಿದ್ದರೂ ಟಾರ್ಕ್ ಪಾನಾ ಇಟ್ಟು ಇನ್ನೊಮ್ಮೆ ಬಿಗಿಸಿ. ಗೆರೆ ಸರಿದಿದ್ದರೆ ಬರೀ ಬಿಗಿಸಿ ಕಳಿಸಬೇಡಿ, ಎಡಬಲದ ಚಕ್ರಗಳ ಅಂತರವನ್ನೂ ಮತ್ತೆ ಅಳೆಸಿ.